ಅಮೆಲ್ ಸೂಪರ್ ಮರಾಮು, ಹಾಲ್‌ಬರ್ಗ್-ರಾಸಿ 53: ಸಾಗರ ದಾಟುವ ಎರಡು ಹಾಯಿದೋಣಿಗಳನ್ನು ತೂಗಿ ನೋಡುವ ಬಗೆ

ಸಾಗರ ದಾಟಲು ಹಳೆಯ ಹಾಯಿದೋಣಿಯೊಂದನ್ನು ಕೊಳ್ಳಲು ಹೊರಟವರ ಪಟ್ಟಿ ಆರಂಭದಲ್ಲಿ ಉದ್ದವಾಗಿರುತ್ತದೆ. ಯುರೋಪಿನ ಬಂದರುಗಳಲ್ಲಿ ಆರು ತಿಂಗಳು ಅಲೆದರೆ ಅದು ತಾನಾಗಿ ಕುಗ್ಗುತ್ತದೆ. ಐವತ್ತು ಅಡಿ ಮೀರಿರಬೇಕು, ಗಂಡ ಹೆಂಡತಿ ಇಬ್ಬರೇ ನಡೆಸುವಂತಿರಬೇಕು, ಹೊಸ ದೋಣಿಯ ಬೆಲೆ ತೆರಲಾಗದು ಎಂಬ ಮೂರು ಶರತ್ತು ಹಾಕಿದವರ ಪಟ್ಟಿಯಲ್ಲಿ ಬಹಳ ಸಲ ಉಳಿಯುವ ಹೆಸರುಗಳು ಎರಡು: ಫ್ರಾನ್ಸಿನ ಅಮೆಲ್ ಸೂಪರ್ ಮರಾಮು ಮತ್ತು ಸ್ವೀಡನ್ನಿನ ಹಾಲ್‌ಬರ್ಗ್-ರಾಸಿ 53. ನಮ್ಮ ಪಟ್ಟಿಯಲ್ಲೂ ಇವೇ ಉಳಿದವು. ಎರಡು ಬೇಸಿಗೆಯ ರಜೆಗಳನ್ನು ನಾವಿಬ್ಬರೂ ಇಂಥ ದೋಣಿಗಳ ತಳದಲ್ಲಿ ಟಾರ್ಚ್ ಹಿಡಿದುಕೊಂಡು ತಲೆಕೆಳಗಾಗಿ ಕಳೆದಿದ್ದೇವೆ. ಕೊನೆಗೆ ನಮಗೆ ಕೈಹಿಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿರುವ ಹೆಸರುಗಳು ಬೇರೆಯಾಗಿದ್ದರೂ ಕ್ರಮ ಇದೇ.

ಮೊದಲು ಎರಡರ ಜಾತಕ. ಸೂಪರ್ ಮರಾಮು 1989ರಿಂದ 2005ರವರೆಗೆ ಲಾ ರೊಶೆಲ್ ಪಕ್ಕದಲ್ಲಿ ತಯಾರಾಯಿತು. ಒಟ್ಟು ಸುಮಾರು 500 ದೋಣಿಗಳು. ಉದ್ದ 16 ಮೀಟರ್, ಅಗಲ 4.60, ನೀರಿನೊಳಗೆ ಇಳಿಯುವ ಆಳ 2.05. ಹಾಯಿ ಕಟ್ಟುವ ಕೂವೆಮರ ಎರಡು. ತಾಹಿತಿಯಲ್ಲಿ ಬೀಸುವ ಆಗ್ನೇಯ ಗಾಳಿಯ ಹೆಸರೇ ದೋಣಿಯ ಹೆಸರು. ಇದನ್ನು ರೂಪಿಸಿದ ಆನ್ರಿ ಅಮೆಲ್‌ಗೆ ಕೊನೆಗಾಲದಲ್ಲಿ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಕತ್ತಲಲ್ಲೂ ಕೈ ಚಾಚಿದಲ್ಲಿ ಹಿಡಿ ಸಿಗುವ ಆ ಡೆಕ್ಕಿನ ಮೇಲೆ ನಡೆದಾಗಲೆಲ್ಲ ನನಗೆ ಆ ಸಂಗತಿ ನೆನಪಾಗುತ್ತದೆ.

ಹಾಲ್‌ಬರ್ಗ್-ರಾಸಿ ಎಂಬುದು ಇಬ್ಬರು ದೋಣಿ ಕಟ್ಟುವವರ ಹೆಸರು. ಹ್ಯಾರಿ ಹಾಲ್‌ಬರ್ಗ್‌ನ ಕಂಪನಿಯನ್ನು ಜರ್ಮನಿಯಿಂದ ಬಂದ ಕ್ರಿಸ್ಟೋಫ್ ರಾಸಿ 1972ರಲ್ಲಿ ಕೊಂಡ. ಕಾರ್ಖಾನೆ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಒರೂಸ್ಟ್ ದ್ವೀಪದಲ್ಲಿದೆ. 53 ಬಂದದ್ದು 1990ರ ದಶಕದಲ್ಲಿ, ಅರ್ಜೆಂಟೀನಾದ ಹೆರ್ಮಾನ್ ಫ್ರೆರ್ಸ್ ಬರೆದ ನಕ್ಷೆಯಂತೆ. ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ತೂಕದಲ್ಲಿ ಸ್ವೀಡನ್ನಿನದು ಸಾಕಷ್ಟು ಮುಂದು. ಒಂದು ಕೂವೆಯದೂ ಇದೆ, ಎರಡು ಕೂವೆಯದೂ ಸಿಗುತ್ತದೆ.

ಹೆಜ್ಜೆ 1: ದೋಣಿ ನೋಡುವ ಮೊದಲು ದಾರಿ ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆಯಿರಿ: ಎಲ್ಲಿಂದ ಎಲ್ಲಿಗೆ, ಯಾವ ತಿಂಗಳು, ದೋಣಿಯಲ್ಲಿ ಎಷ್ಟು ಜನ. ಇದನ್ನು ಬರೆಯದೆ ದೋಣಿ ನೋಡಲು ಹೋದರೆ ಒಳಗಿನ ಮಹಾಗನಿ ಮರದ ಹೊಳಪೇ ನಿಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ನಮ್ಮ ಹಾಳೆಯಲ್ಲಿದ್ದದ್ದು ಹೆಚ್ಚಿನವರು ಹಿಡಿಯುವ ದಾರಿಯೇ. ನವೆಂಬರ್ ಕೊನೆಯಲ್ಲಿ ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್ ಬಿಟ್ಟು ವಾಣಿಜ್ಯ ಮಾರುತ ಹಿಡಿದು ಕೆರಿಬಿಯನ್‌ಗೆ, ಆಮೇಲೆ ಪನಾಮಾ ಕಾಲುವೆ, ಅಲ್ಲಿಂದ ಪೆಸಿಫಿಕ್. ಇಬ್ಬರೇ. ಈ ದಾರಿಯಲ್ಲಿ ಗಾಳಿ ಬಹುಪಾಲು ಬೆನ್ನ ಹಿಂದಿನಿಂದ ಬರುತ್ತದೆ, ಬಿಸಿಲು ಸುಡುತ್ತದೆ, ಹವಳದ ದ್ವೀಪಗಳ ಒಳಗೆ ಹೋಗಲು ಎರಡು ಮೀಟರಿನ ಆಸುಪಾಸಿನ ಆಳದ ದೋಣಿಯಾದರೆ ಅನುಕೂಲ. ನಾರ್ವೆ, ಐಸ್‌ಲ್ಯಾಂಡ್, ಸ್ಕಾಟ್ಲೆಂಡ್ ಎಂದು ಬರೆದವರ ಲೆಕ್ಕ ಬೇರೆ. ಅವರಿಗೆ ಎದುರುಗಾಳಿಗೆ ಚೂಪಾಗಿ ಏರುವ ಒಡಲು, ಚಳಿ ತಡೆಯುವ ಗೋಡೆ, ಒಳಗೆ ಹೀಟರ್ ಬೇಕು. ಹಾಲ್‌ಬರ್ಗ್-ರಾಸಿ ಹುಟ್ಟಿದ್ದೇ ಅಂಥ ನೀರಿಗೆ. ಒಡಲಿನ ಗೋಡೆಯಲ್ಲಿ ಶಾಖ ತಡೆಯುವ ಫೋಮ್ ಪದರವಿದೆ. ಅಮೆಲ್‌ನ ಮನಸ್ಸಿರುವುದು ಉಷ್ಣವಲಯದಲ್ಲಿ. ಅಲ್ಲಿಗೆ ಅರ್ಧ ತೀರ್ಮಾನ ಆದಂತೆ.

ಅರಬ್ಬಿ ಸಮುದ್ರಕ್ಕೆ ತರುವ ಆಸೆಯಿದ್ದವರು ಒಂದು ಸಾಲು ಸೇರಿಸಿಕೊಳ್ಳಿ. ಜೂನ್, ಜುಲೈನ ಜೋರು ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಮೀನುಗಾರರೇ ದೋಣಿಯನ್ನು ದಡಕ್ಕೆ ಎಳೆದಿಟ್ಟಿರುತ್ತಾರೆ. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ಕಟ್ಟೆ ಬಿಟ್ಟು ಕದಲುವುದಿಲ್ಲ. ಎರಡು ಮೀಟರ್ ಆಳದ ಕೀಲ್, ಅಂದರೆ ತಳದಿಂದ ನೀರಿಗೆ ಇಳಿದಿರುವ ಭಾರದ ರೆಕ್ಕೆ, ಹೊತ್ತ ದೋಣಿಗೆ ನಿಲ್ಲಲು ಕೊಚ್ಚಿಯ ಬೋಲ್ಗಾಟಿಯಲ್ಲಿ ಮರೀನಾ ಇದೆ. ನಮ್ಮ ಕರಾವಳಿಯಲ್ಲಿ ಅಂಥದ್ದೊಂದು ಇನ್ನೂ ಆಗಬೇಕಷ್ಟೆ.

ಹೆಜ್ಜೆ 2: ಉದ್ದ ಮರೆತು, ದಿನದ ಮೈಲಿ ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಮೊದಲು ಕಾಣುವುದು ಒಟ್ಟು ಉದ್ದ. ವೇಗ ನಿಂತಿರುವುದು ಅದರ ಮೇಲಲ್ಲ, ನೀರಿಗೆ ತಾಗುವ ಉದ್ದದ ಮೇಲೆ. ಆ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ವರ್ಗಮೂಲ ಕಂಡು 2.43ರಿಂದ ಗುಣಿಸಿದರೆ ಭಾರದ ದೋಣಿಯೊಂದು ಸಲೀಸಾಗಿ ಮುಟ್ಟಬಹುದಾದ ಗರಿಷ್ಠ ವೇಗ ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂಬ ಲೆಕ್ಕ) ಸಿಗುತ್ತದೆ. 13 ಮೀಟರ್ ಇದ್ದರೆ ಸುಮಾರು 8.8 ನಾಟ್. ಅರ್ಧ ಮೀಟರ್ ಹೆಚ್ಚಾದರೆ 8.9. ಮಾರಾಟಗಾರರು ಇದರ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ.

ಇಬ್ಬರೇ ಇರುವ ದೋಣಿ ರಾತ್ರಿ ಹಾಯಿ ಇಳಿಸಿ ನಿಧಾನವಾಗುತ್ತದೆ. ದಿನಕ್ಕೆ 160 ನಾಟಿಕಲ್ ಮೈಲಿ ಎಂದರೆ ಒಳ್ಳೆಯ ನಡಿಗೆ. ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ಸುಮಾರು 2700 ಮೈಲಿ. 160ರಂತೆ ಹೋದರೆ 17 ದಿನ, 150ರಂತೆ ಹೋದರೆ 18. ವೇಗದ ಚರ್ಚೆಯೆಲ್ಲ ಕೊನೆಗೆ ಒಂದು ದಿನದ ವಿಷಯ. ಅದನ್ನು ಅಲ್ಲಿಗೇ ಬಿಡಿ.

ಬಿಡಬಾರದ ಲೆಕ್ಕ ಹೊರೆಯದು. ಸೂಪರ್ ಮರಾಮುವಿನಲ್ಲಿ 1000 ಲೀಟರ್ ನೀರು, 600 ಲೀಟರ್ ಡೀಸೆಲ್ ಹಿಡಿಯುತ್ತದೆ. ಎಂಜಿನ್ ಗಂಟೆಗೆ 5 ಲೀಟರ್ ಕುಡಿದು 6 ನಾಟ್ ವೇಗ ಕೊಡುತ್ತದೆ ಎಂದಿಟ್ಟುಕೊಳ್ಳಿ. 120 ಗಂಟೆ, 720 ಮೈಲಿ. ಐದರಲ್ಲೊಂದು ಪಾಲು ಮೀಸಲಿಟ್ಟರೆ 576 ಮೈಲಿ. ಗಾಳಿ ಸತ್ತ ಕಡಲನ್ನು ದಾಟಲು ಅಷ್ಟು ಸಾಕೇ ಎಂದು ನಿಮ್ಮ ದಾರಿಯ ಹಾಳೆ ನೋಡಿ ಹೇಳಿ. ಇನ್ನೊಂದು ದೋಣಿಯ ಟ್ಯಾಂಕಿನ ಅಳತೆ ಕೇಳಿ ಅದಕ್ಕೂ ಇದೇ ಲೆಕ್ಕ ಹಾಕಿ. ಆದರೆ ಅದು ಹೆಚ್ಚು ಭಾರದ ದೋಣಿ. ಅಷ್ಟೇ ವೇಗಕ್ಕೆ ಹೆಚ್ಚು ಕುಡಿಯುತ್ತದೆ ಎಂಬುದನ್ನು ಸೇರಿಸಿ.

ಹೆಜ್ಜೆ 3: ರಾತ್ರಿ ಮೂರು ಗಂಟೆಯ ಕೆಲಸ ಯಾರದು?

ನನ್ನ ಮಟ್ಟಿಗೆ ಹೋಲಿಕೆಯ ತಿರುಳು ಇದು. ಒಬ್ಬರು ಮಲಗಿದ್ದಾರೆ, ಇನ್ನೊಬ್ಬರು ಕಾವಲಿನಲ್ಲಿದ್ದಾರೆ, ಕಪ್ಪು ಮೋಡವೊಂದು ಹಿಂದಿನಿಂದ ಏರಿ ಬರುತ್ತಿದೆ. ಹಾಯಿಯನ್ನು ಅರ್ಧಕ್ಕೆ ಇಳಿಸಬೇಕು. ಮಲಗಿದವರನ್ನು ಎಬ್ಬಿಸದೆ, ದೋಣಿ ನಡೆಸುವವರು ಕೂರುವ ಕಾಕ್‌ಪಿಟ್ ಬಿಟ್ಟು ಕದಲದೆ ಆ ಕೆಲಸ ಮುಗಿಯುತ್ತದೆಯೇ?

ಅಮೆಲ್ ಇಡೀ ದೋಣಿಯನ್ನು ಈ ಪ್ರಶ್ನೆಯ ಸುತ್ತ ಕಟ್ಟಿದ. ಕಾಕ್‌ಪಿಟ್ ನಡುವಿನಲ್ಲಿದೆ, ಮೇಲೆ ಗಟ್ಟಿ ಚಾವಣಿ, ಮುಂದೆ ಗಾಜು. ಮುಂದಿನ ಹಾಯಿಯೂ ದೊಡ್ಡ ಹಾಯಿಯೂ ವಿದ್ಯುತ್ ಮೋಟಾರಿನಿಂದ ಸುತ್ತಿಕೊಳ್ಳುತ್ತವೆ; ಗುಂಡಿಗಳು ಚುಕ್ಕಾಣಿ ತಿರುಗಿಸುವ ಚಕ್ರದ ಪಕ್ಕದಲ್ಲೇ. ಎರಡು ಕೂವೆ ಇರುವುದರಿಂದ ಹಾಯಿಯ ಒಟ್ಟು ಹರವು ಸಣ್ಣ ಸಣ್ಣ ತುಂಡುಗಳಾಗಿ ಹಂಚಿಹೋಗಿದೆ. ಗಾಳಿ ಜೋರಾದಾಗ ದೊಡ್ಡ ಹಾಯಿಯನ್ನು ಪೂರ್ತಿ ಸುತ್ತಿಟ್ಟು ಮುಂದಿನದನ್ನೂ ಹಿಂದಿನದನ್ನೂ ಮಾತ್ರ ಬಿಟ್ಟರೆ ದೋಣಿ ತೊಟ್ಟಿಲಂತೆ ಸಮತೂಕದಲ್ಲಿ ಹೋಗುತ್ತದೆ. ಬೆನ್ನುಗಾಳಿಗೆ ಎರಡು ಮುಂಗಡ ಹಾಯಿಗಳನ್ನು ಎರಡು ಕಡೆಗೆ ಕೋಲು ಕೊಟ್ಟು ಬಿಚ್ಚುವ ವ್ಯವಸ್ಥೆಯೂ ಈ ದೋಣಿಯಲ್ಲಿದೆ. ಕೋಲು ಕಟ್ಟುವುದನ್ನು ಕಲಿಯಲು ಒಂದು ಮಧ್ಯಾಹ್ನ ಬೇಕು. ಕಟ್ಟಿದ ಮೇಲೆ ವಾರಗಟ್ಟಲೆ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಒಂಟಿ ಕೂವೆಯ ಹಾಲ್‌ಬರ್ಗ್-ರಾಸಿಯಲ್ಲಿ ಕೂವೆ ಎತ್ತರ, ಹಾಯಿಗಳು ದೊಡ್ಡವು. ಎದುರುಗಾಳಿಗೆ ಅದು ಹೆಚ್ಚು ಚೂಪಾಗಿ, ಹೆಚ್ಚು ಹುರುಪಿನಿಂದ ಏರುತ್ತದೆ. ಚಕ್ರ ಹಿಡಿದವರಿಗೆ ಅದೊಂದು ಸುಖ. ಇಲ್ಲೂ ನಡುವಿನ ಕಾಕ್‌ಪಿಟ್, ಮುಂದೆ ಆ ಕಂಪನಿಯ ಗುರುತೇ ಆಗಿಹೋದ ಗಾಜಿನ ಮರೆ. ಆದರೆ ಹಾಯಿಗಳ ವ್ಯವಸ್ಥೆ ದೋಣಿಯಿಂದ ದೋಣಿಗೆ ಬೇರೆ. ಮೊದಲ ಮಾಲೀಕ ಕೇಳಿದಂತೆ ಕಟ್ಟಿಕೊಟ್ಟಿದ್ದಾರೆ. ಒಂದರಲ್ಲಿ ವಿದ್ಯುತ್, ಇನ್ನೊಂದರಲ್ಲಿ ಹೈಡ್ರಾಲಿಕ್, ಮತ್ತೊಂದರಲ್ಲಿ ಕೈ. ಹಾಗಾಗಿ ಎರಡು ಕಂಪನಿಗಳನ್ನು ಹೋಲಿಸುತ್ತಿದ್ದೇವೆ ಎಂದುಕೊಂಡವರು ನಿಜವಾಗಿ ಹೋಲಿಸುತ್ತಿರುವುದು ಹೀಗೆ: ಒಂದು ಕಡೆ ಎಲ್ಲವನ್ನೂ ತಾನೇ ತೀರ್ಮಾನಿಸಿ ಕೊಟ್ಟ ಹಿರಿಯ, ಇನ್ನೊಂದು ಕಡೆ ನಿಮ್ಮ ಇಷ್ಟ ಕೇಳಿ ಕಟ್ಟುವ ಬಡಗಿ.

ನೀವು ಮಾಡಬೇಕಾದದ್ದು ಸರಳ. ಸುತ್ತುವ ಮೋಟಾರಿನ ವಿದ್ಯುತ್ ತೆಗೆಸಿ, ಕೈಹಿಡಿಯಿಂದ ಹಾಯಿ ಸುತ್ತಲು ಮಾಲೀಕನಿಗೆ ಹೇಳಿ. ಕೂವೆಯೊಳಗೆ ಸುತ್ತಿಕೊಳ್ಳುವ ಹಾಯಿ ಸುಕ್ಕುಬಿದ್ದು ಸಿಕ್ಕಿಕೊಂಡರೆ ಒಳಗೂ ಹೋಗದು ಹೊರಗೂ ಬಾರದು. ಕೈಹಿಡಿ ಎಲ್ಲಿದೆ ಎಂದು ಮಾಲೀಕ ಹುಡುಕಲು ಶುರುಮಾಡಿದರೆ ಅದೇ ನಿಮಗೆ ಒಂದು ಉತ್ತರ.

ಹೆಜ್ಜೆ 4: ನೀರಿನಿಂದ ಮೇಲೆತ್ತಿಸಿ ತಳ ನೋಡಿ

ಅಮೆಲ್‌ನ ಕೀಲ್ ಬೀಡುಕಬ್ಬಿಣ, ಹಾಲ್‌ಬರ್ಗ್-ರಾಸಿಯದು ಸೀಸ. ಸೀಸ ತುಕ್ಕು ಹಿಡಿಯುವುದಿಲ್ಲ, ಬಂಡೆಗೆ ಬಡಿದರೆ ತಗ್ಗಾಗಿ ಪೆಟ್ಟನ್ನು ನುಂಗುತ್ತದೆ. ಕಬ್ಬಿಣಕ್ಕೆ ಬಣ್ಣದ ಆರೈಕೆ ಬೇಕು. ಎರಡರಲ್ಲೂ ಕೀಲ್ ಒಡಲಿಗೆ ಸೇರುವ ಗೆರೆಯ ಉದ್ದಕ್ಕೂ ಬೆರಳಾಡಿಸಿ. ಬಿರುಕು, ತುಕ್ಕಿನ ನೀರಿನ ಗುರುತು ಕಂಡರೆ ಫೋಟೋ ತೆಗೆದು, ದೋಣಿ ಪರೀಕ್ಷಿಸುವ ತಜ್ಞನಾದ ಸರ್ವೇಯರ್‌ಗೆ ತೋರಿಸಿ.

ಪ್ರೊಪೆಲರ್ ನೋಡಿ. ಸ್ವೀಡನ್ನಿನ ದೋಣಿಯಲ್ಲಿ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ನೇರ ದಂಡ. ಅಮೆಲ್‌ನಲ್ಲಿ ಅದು ಕೀಲ್‌ನ ಹಿಂಬದಿಯಿಂದಲೇ ಹೊರಬರುತ್ತದೆ. ಬಲೆ, ಹಗ್ಗ ಸಿಕ್ಕಿಕೊಳ್ಳುವ ಭಯ ಕಡಿಮೆ. ಬದಲಿಗೆ ಅದರ ಎಣ್ಣೆಯನ್ನೂ ಸೀಲ್‌ಗಳನ್ನೂ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸಿದ ರಸೀದಿ ಕೇಳಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ಸಮುದ್ರದ ನೀರು ಹೋಗಿದೆ ಎಂದರ್ಥ.

ಇನ್ನು ಚುಕ್ಕಾಣಿ. ಎರಡು ದೋಣಿಗಳಲ್ಲೂ ಚುಕ್ಕಾಣಿಯ ಮುಂದೆ ಆಸರೆಯ ರೆಕ್ಕೆಯಿದೆ, ಅದು ಒಳ್ಳೆಯದು. ಹಾಗೆಂದು ನಿಶ್ಚಿಂತೆ ಬೇಡ. 2020ರಿಂದ ಪೋರ್ಚುಗಲ್, ಸ್ಪೇನ್ ಕರಾವಳಿಯಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಗೆ ಬಂದು ಗುದ್ದುತ್ತಿವೆ. ಸ್ವೀಡನ್ನಿನಿಂದಾಗಲಿ ಫ್ರಾನ್ಸಿನಿಂದಾಗಲಿ ಕ್ಯಾನರಿಗೆ ಹೋಗುವ ದಾರಿ ಆ ನೀರಿನಲ್ಲೇ ಹಾದುಹೋಗುತ್ತದೆ. ಚುಕ್ಕಾಣಿಯ ಯಂತ್ರ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಗೋವೆಯಲ್ಲಿ ಕಟ್ಟಿದ ನಮ್ಮ ನೌಕಾಪಡೆಯ ತಾರಿಣಿ ಸುಮಾರು ಇದೇ ಅಳತೆಯ ದೋಣಿ. ಆರು ಮಹಿಳಾ ಅಧಿಕಾರಿಗಳು ಅದರಲ್ಲಿ 2017ರ ಸೆಪ್ಟೆಂಬರ್‌ನಿಂದ 2018ರ ಮೇ ವರೆಗೆ 254 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ದಕ್ಷಿಣ ಸಾಗರದ ಬಿರುಗಾಳಿಗಳನ್ನೆಲ್ಲ ದಾಟಿ ಬಂದ ದೋಣಿ ಮನೆಯ ದಾರಿಯಲ್ಲಿ ಚುಕ್ಕಾಣಿಯ ತೊಂದರೆಯಿಂದ ಮಾರಿಷಸ್‌ನ ಪೋರ್ಟ್ ಲೂಯಿಗೆ ತಿರುಗಬೇಕಾಯಿತು. ಆದ್ದರಿಂದ ಚಕ್ರದಿಂದ ಚುಕ್ಕಾಣಿಯವರೆಗಿನ ಪ್ರತಿ ಕೇಬಲ್, ಪ್ರತಿ ಜೋಡಣೆಯನ್ನು ನೋಡಿ. ಚುಕ್ಕಾಣಿಯನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿ. ಸಡಿಲ ಎಷ್ಟು ಎಂದು ಬರೆದುಕೊಳ್ಳಿ. ತುರ್ತು ಚುಕ್ಕಾಣಿಯ ಹಿಡಿಯನ್ನು ಅದರ ಜಾಗಕ್ಕೆ ಕೂರಿಸಿಯೇ ನೋಡಿ. ನಾವು ನೋಡಿದ ದೋಣಿಯೊಂದರಲ್ಲಿ, ಕಂಪನಿಯ ಹೆಸರು ಬೇಡ, ಆ ಹಿಡಿ ಅದೇ ದೋಣಿಯದಾಗಿರಲಿಲ್ಲ.

ಹೆಜ್ಜೆ 5: ತೂತುಗಳನ್ನು ಎಣಿಸಿ

ದೋಣಿ ಮುಳುಗುವುದು ಬಿರುಗಾಳಿಗಿಂತ ಹೆಚ್ಚಾಗಿ ಒಂದೂವರೆ ಇಂಚಿನ ಕೊಳವೆ ಕಳಚುವುದರಿಂದ. ನೀರಿನ ಮಟ್ಟದ ಕೆಳಗೆ ಒಡಲಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿ. ಅಮೆಲ್‌ನಲ್ಲಿ ಎಂಜಿನ್, ಜನರೇಟರ್, ಸಿಹಿನೀರಿನ ಯಂತ್ರ ಎಲ್ಲಕ್ಕೂ ಎಂಜಿನ್ ಕೋಣೆಯ ಒಂದೇ ತೊಟ್ಟಿಯಿಂದ ಸಮುದ್ರದ ನೀರು ಬರುತ್ತದೆ. ಒಂದು ದೊಡ್ಡ ಕವಾಟ ಮುಚ್ಚಿದರೆ ಮುಗಿಯಿತು. ಒಡಲಿನ ಒಳಗೆ ನೀರು ದಾಟದ ಅಡ್ಡಗೋಡೆಗಳಿವೆ. ಸಾಮಾನ್ಯ ಪದ್ಧತಿಯ ದೋಣಿಯಲ್ಲಿ, ಹಾಲ್‌ಬರ್ಗ್-ರಾಸಿಯೂ ಅದರಲ್ಲಿ ಸೇರಿತು, ಪ್ರತಿ ಕೆಲಸಕ್ಕೂ ಒಂದೊಂದು ತೂತು, ಒಂದೊಂದು ಕವಾಟ. ಅದು ಕೆಟ್ಟದ್ದೇನಲ್ಲ. ಒಂದು ಕಟ್ಟಿಕೊಂಡರೆ ಉಳಿದವು ನಡೆಯುತ್ತವೆ. ಆದರೆ ಪ್ರತಿಯೊಂದನ್ನೂ ತೆರೆದು ಮುಚ್ಚಿ ನೋಡಬೇಕು, ಪ್ರತಿಯೊಂದರ ಪಕ್ಕ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿರಬೇಕು. ಕೈಯಿಂದ ತಿರುಗದ ಕವಾಟಗಳ ಸಂಖ್ಯೆಯನ್ನು ಬೆಲೆ ಮಾತಾಡುವ ಹಾಳೆಗೆ ವರ್ಗಾಯಿಸಿ.

ಹೆಜ್ಜೆ 6: ಡೆಕ್ಕಿನ ಮೇಲೆ ಬರಿಗಾಲಿನಲ್ಲಿ ನಡೆಯಿರಿ

ತೇಗದ ಡೆಕ್ ಎಷ್ಟು ಚಂದವೆಂದರೆ ನಮ್ಮ ದಾಂಡೇಲಿ ಕಡೆಯವರಿಗೆ ಬೇರೆ ಮಾತೇ ಬೇಡ. ಹಳೆಯ ಹಾಲ್‌ಬರ್ಗ್-ರಾಸಿಗಳ ಅಂದವೇ ಅದು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಾದ ಕಾವಲಿ. ಇಪ್ಪತ್ತೈದು ವರ್ಷ ತೊಳೆದು ಉಜ್ಜಿ ಹಲಗೆ ತೆಳುವಾಗಿದ್ದರೆ ಕೆಳಗಿನ ಸ್ಕ್ರೂಗಳ ತಲೆ ಇಣುಕುತ್ತದೆ, ಒಂದೊಂದು ಸ್ಕ್ರೂ ಒಂದೊಂದು ಸೋರುವ ದಾರಿ. ನೀರು ಇಳಿದು ಡೆಕ್ಕಿನ ಒಳಪದರ ಕೊಳೆತರೆ ಖರ್ಚಿಗೆ ತಳವಿಲ್ಲ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಡಿಗೊಮ್ಮೆ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಹಣ್ಣಾದ ಹಲಸಿನಂತೆ ಡಬ್ ಎಂದರೆ ಸೀಮೆಸುಣ್ಣದ ಗುರುತು ಹಾಕಿ. ಸೂಪರ್ ಮರಾಮುವಿನ ಡೆಕ್ ತೇಗದಂತೆ ಕಾಣುವ ಅಚ್ಚಿನ ಫೈಬರ್. ಹತ್ತಿರದಿಂದ ನೋಡಿದರೆ ನಗು ಬರುತ್ತದೆ. ಅದರಲ್ಲಿ ಸ್ಕ್ರೂ ಇಲ್ಲ, ಸೋರಿಕೆಯೂ ಇಲ್ಲ. ಚಂದಕ್ಕೆ ಸೋಲುವ ಸ್ವಭಾವ ನನ್ನದು. ಆದರೂ ಈ ಒಂದು ವಿಷಯದಲ್ಲಿ ಫ್ರೆಂಚರ ಪಕ್ಷ.

ಹೆಜ್ಜೆ 7: ಅಡುಗೆ, ನಿದ್ದೆ, ಎಂಜಿನ್

ಮನೆಯ ಕುಕ್ಕರ್ ಜೊತೆಗೆ ಒಯ್ಯಿರಿ. ತಮಾಷೆಯಲ್ಲ. ದೋಣಿಯ ಒಲೆ ಅಲೆಗೆ ತಕ್ಕಂತೆ ತೂಗಾಡುತ್ತದೆ, ಸುತ್ತ ತಡೆಕಂಬಿ ಇರುತ್ತದೆ. ಐದು ಲೀಟರ್ ಕುಕ್ಕರ್ ಆ ಕಂಬಿಯೊಳಗೆ ಕೂತು, ಒಲೆ ತೂಗಿದಾಗ ಹಿಡಿ ಹಿಂದಿನ ಗೋಡೆಗೆ ತಾಗದಿದ್ದರೆ ಮಾತ್ರ ಹದಿನೇಳು ದಿನ ಅನ್ನ ಸಾರು. ಎರಡು ದೋಣಿಗಳಲ್ಲೂ ಅಡುಗೆಮನೆ ಇಕ್ಕಟ್ಟಾಗಿದೆ. ಇಕ್ಕಟ್ಟೇ ಬೇಕು, ಸೊಂಟ ಊರಿ ನಿಲ್ಲಲು ಆಧಾರ ಸಿಗುತ್ತದೆ.

ಹಿಂದಿನ ದೊಡ್ಡ ಹಾಸಿಗೆಗೆ ಮರುಳಾಗಬೇಡಿ. ಅದು ಬಂದರಿನ ಹಾಸಿಗೆ. ದೋಣಿ ಓಲುವಾಗ ನಿದ್ದೆ ಬರುವುದು ನಡುವಿನ ಕಿರಿದಾದ, ಬಟ್ಟೆಯ ತಡೆಯಿರುವ ಹಾಸಿಗೆಯಲ್ಲಿ. ಅಲ್ಲಿ ಒಂದು ಗಂಟೆ ಮಲಗಿ. ಮಾರಾಟಗಾರ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಎಂಜಿನ್‌ಗೆ ಅಮೆಲ್‌ನಲ್ಲಿ ಕಾಕ್‌ಪಿಟ್ ನೆಲ ಎತ್ತಿ ಇಳಿಯಬೇಕು. ಹಾಗಾಗಿ ಮನೆಯೊಳಗೆ ಡೀಸೆಲ್ ವಾಸನೆ ಬರುವುದಿಲ್ಲ. ಆದರೆ ಮಳೆ ಬರುವಾಗಲೂ ರಿಪೇರಿ ಮಾಡುವವರು ಹೊರಗಿನಿಂದಲೇ ಇಳಿಯಬೇಕು. ಹಾಲ್‌ಬರ್ಗ್-ರಾಸಿಯಲ್ಲಿ ಒಳಗಿನ ಓಣಿಯಿಂದಲೇ ಎಂಜಿನ್ ಮುಟ್ಟಬಹುದು. ವಿದ್ಯುತ್ ವ್ಯವಸ್ಥೆ 24 ವೋಲ್ಟ್. ಬಿಡಿಭಾಗ ಕೊಳ್ಳುವಾಗ ನೆನಪಿರಲಿ. ಬ್ಯಾಟರಿಯನ್ನು ಹಿಂದಿನ ಮಾಲೀಕರು ಲಿಥಿಯಂಗೆ ಬದಲಿಸಿದ್ದರೆ ಯಾರು ಅಳವಡಿಸಿದ್ದು ಎಂದು ಕೇಳಿ, ವಿಮೆಯವರು ಅದನ್ನೇ ಕೇಳುತ್ತಾರೆ.

ಹೆಜ್ಜೆ 8: ಕಾಗದ ಮತ್ತು ಹಣ

ವರ್ಷದ ಖರ್ಚಿಗೆ ಕೊಂಡ ಬೆಲೆಯ ಹತ್ತನೇ ಒಂದು ಭಾಗ ತೆಗೆದಿಡಿ ಎಂಬುದು ಹಳಬರ ಮಾತು. ಕೂವೆಯನ್ನು ಹಿಡಿದ ತಂತಿಗಳಿಗೆ ಹತ್ತರಿಂದ ಹದಿನೈದು ವರ್ಷ ಆಯಸ್ಸು. ಬದಲಿಸಿದ ದಿನಾಂಕ ಕೇಳಿ. ಎರಡು ಕೂವೆಯ ದೋಣಿಯಲ್ಲಿ ಆ ಖರ್ಚು ಹೆಚ್ಚು. ಯುರೋಪಿನಲ್ಲಿ ಮೌಲ್ಯವರ್ಧಿತ ತೆರಿಗೆ ಕಟ್ಟಿದ ಮೂಲ ದಾಖಲೆ ಇಲ್ಲದ ದೋಣಿಯನ್ನು ಮುಟ್ಟಬೇಡಿ. ಯುರೋಪಿಯನ್ ಒಕ್ಕೂಟದ ಹೊರಗೆ ನೆಲೆಸಿದವರು ತೆರಿಗೆಯಿಲ್ಲದೆ ದೋಣಿಯನ್ನು ಅಲ್ಲಿ ಇಟ್ಟುಕೊಳ್ಳಲು 18 ತಿಂಗಳ ಅವಕಾಶವಿದೆ, ಅದು ದೋಣಿಗೆ. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ. ದೋಣಿ ಉಳಿದು ನೀವು ಹೊರಡಬೇಕಾದ ಪರಿಸ್ಥಿತಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಂಗಡ ಕೊಡುವಾಗ ಸರ್ವೇ ಮತ್ತು ಸಮುದ್ರ ಪರೀಕ್ಷೆಗೆ ಒಳಪಟ್ಟು ಎಂದು ಬರೆಸಿ. ಸರ್ವೇಯರ್ ನಿಮ್ಮವನಾಗಿರಬೇಕು, ದಲ್ಲಾಳಿ ಸೂಚಿಸಿದವನಲ್ಲ.

ಹೆಜ್ಜೆ 9: ಗಾಳಿಯಿರುವ ದಿನವೇ ಹೊರಡಿ

15 ನಾಟ್‌ಗಿಂತ ಕಡಿಮೆ ಗಾಳಿಯಲ್ಲಿ ಎಲ್ಲ ದೋಣಿಗಳೂ ಸಾಧುಗಳು. ಗಾಳಿ ಬರುವವರೆಗೆ ಎರಡು ದಿನ ಹೋಟೆಲ್ ಬಾಡಿಗೆ ಕೊಟ್ಟಾದರೂ ಕಾಯಿರಿ. ಹೊರಟ ಮೇಲೆ ಲಂಗರನ್ನು ಪೂರ್ತಿ ಇಳಿಸಿ ಪೂರ್ತಿ ಎತ್ತಿಸಿ, ಹಿಮ್ಮುಖವಾಗಿ ನಡೆಸಿ, ಅಮೆಲ್ ಆದರೆ ಮೂತಿಯ ಕೆಳಗೆ ಇಳಿಯುವ ಅಡ್ಡ ಪ್ರೊಪೆಲರ್ ಇಳಿಸಿ ಮತ್ತೆ ಮೇಲೆ ಸೇರಿಕೊಳ್ಳುತ್ತದೆಯೇ ನೋಡಿ. ಎದುರುಗಾಳಿಗೆ ಒಂದು ಗಂಟೆ ಏರಿ. ಆ ಒಂದು ಗಂಟೆಯಲ್ಲಿ ಹಾಲ್‌ಬರ್ಗ್-ರಾಸಿ ನಿಮ್ಮ ಮನಸ್ಸು ಕದಿಯುತ್ತದೆ, ಸಂಶಯವಿಲ್ಲ. ಆಮೇಲೆ ತಿರುಗಿ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಬ್ಬರಲ್ಲಿ ಕಡಿಮೆ ಬಲವಿರುವವರೇ ಹಾಯಿ ಇಳಿಸಲಿ, ಇನ್ನೊಬ್ಬರು ಕೈ ಕಟ್ಟಿ ಕೂರಲಿ, ಬಾಯಿಯನ್ನೂ ಮುಚ್ಚಿಕೊಂಡು.

ನನ್ನ ತೂಕ ಹೇಳಿಬಿಡುತ್ತೇನೆ. ಇಬ್ಬರೇ, ಉಷ್ಣವಲಯ, ಯಂತ್ರಗಳ ಆರೈಕೆಗೆ ಬೇಸರಪಡದವರು: ಅಮೆಲ್. ಉತ್ತರದ ನೀರು, ಎದುರುಗಾಳಿ, ಮೂರನೆಯ ಜೋಡಿ ಕೈ, ಹಾಯಿ ಹಿಡಿಯುವ ಸುಖಕ್ಕೇ ಹೊರಟವರು: ಹಾಲ್‌ಬರ್ಗ್-ರಾಸಿ. ಆದರೆ ಚೆನ್ನಾಗಿ ನೋಡಿಕೊಂಡ ಒಂದು ಹಾಲ್‌ಬರ್ಗ್-ರಾಸಿ ಮತ್ತು ಐದು ವರ್ಷ ಬಂದರಿನಲ್ಲಿ ಬಿಸಿಲಿಗೆ ಬಿದ್ದಿದ್ದ ಅಮೆಲ್ ಎದುರಿಗಿದ್ದರೆ ಈ ಸಾಲುಗಳನ್ನೆಲ್ಲ ಹೊಡೆದುಹಾಕಿ, ಮೊದಲನೆಯದನ್ನು ಕೊಳ್ಳಿ. ನಮ್ಮ ಕುಕ್ಕರ್ ಕೂತದ್ದು ಅಮೆಲ್‌ನ ಒಲೆಯ ಮೇಲೆ. ಕೂವೆಯ ತಂತಿಗಳ ರಸೀದಿ ಇನ್ನೂ ಸಿಕ್ಕಿಲ್ಲ, ಹಾಗಾಗಿ ಬೆಲೆಯ ಮಾತು ನಡೆಯುತ್ತಲೇ ಇದೆ.